ಒಂದು ಒಂಟೆ ಜಾಸ್ತಿ ಇದ್ದೂ ಡ್ರಾ: ದೋಷ ಎಲ್ಲಿತ್ತು?

ಲಕ್ಷಣ ಇಷ್ಟೇ. ಚೆಸ್ ಬೋರ್ಡ್ ಮೇಲೆ ನನಗೆ ರಾಜ, ಒಂದು ಒಂಟೆ (ಬಿಷಪ್), ಎರಡು ಪಾನ್ (ಕಾಲಾಳು). ಎದುರಿನವರಿಗೆ ಬರೀ ರಾಜ. ಗಡಿಯಾರದಲ್ಲಿ ನನಗೆ ಬೇಕಾದಷ್ಟು ಸಮಯ. ಆದರೂ ಆಟ ಡ್ರಾ ಆಯಿತು. ಅರ್ಧ ಪಾಯಿಂಟ್ ಅವರಿಗೆ, ಅರ್ಧ ನನಗೆ.

ಕಕ್ಕಡ ತಿಂಗಳ (ಕೊಡಗಿನ ಆಟಿ) ಮಳೆ. ವಿರಾಜಪೇಟೆಯ ಒಂದು ಹಾಲ್‌ನಲ್ಲಿ ಭಾನುವಾರದ ಟೂರ್ನಿ. ಮೇಲೆ ಶೀಟಿನ ಮಾಡು. ಆ ಸದ್ದಿನಲ್ಲಿ ಪಕ್ಕದವನು ಸೀನಿದರೂ ಕೇಳುವುದಿಲ್ಲ. ನನ್ನ ಎದುರು ಸೋಮವಾರಪೇಟೆ ಕಡೆಯ ನಿವೃತ್ತ ಮೇಷ್ಟ್ರು. ಇಬ್ಬರದ್ದೂ ಕ್ಲಬ್ ಮಟ್ಟದ ಆಟ. ಒಂದು ದಿನ ಚೆನ್ನಾಗಿ ಆಡುತ್ತೇವೆ, ಮರುದಿನ ಆನೆಯನ್ನೇ ಸುಮ್ನೆ ಬಿಟ್ಟುಕೊಡುತ್ತೇವೆ. (ನಮ್ಮ ಜಿಲ್ಲೆಯಲ್ಲಿ ಆನೆಯನ್ನು ಖುಷಿಯಿಂದ ನೋಡುವುದು ಈ 64 ಮನೆಗಳ ಒಳಗೆ ಮಾತ್ರ. ತೋಟದಲ್ಲಿ ಕಂಡರೆ ಕಥೆ ಬೇರೆ.)

ಇಂಥ ಡ್ರಾ ನಿಮಗೂ ಆಗಿರುತ್ತದೆ. ಆಟ ಮುಗಿದ ಮೇಲೆ ನಾನು ದೋಷ ಹುಡುಕಿದ ದಾರಿ ಇಲ್ಲಿದೆ. ಮೊದಲು ಎಲ್ಲೆಲ್ಲಿ ತಪ್ಪು ಜಾಗಕ್ಕೆ ಕೈ ಹಾಕಿದೆ ಅನ್ನುವುದನ್ನೂ ಸೇರಿಸಿದ್ದೇನೆ.

ಮೊದಲ ಪ್ರಶ್ನೆ: ಇದು ದೋಷವೇ ಹೌದಾ?

ಎಲ್ಲ ಡ್ರಾ ದೋಷ ಅಲ್ಲ. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್, ಕರುವಾನಾ ವಿಶ್ವ ಪಟ್ಟಕ್ಕೆ ಆಡಿದಾಗ 12 ಕ್ಲಾಸಿಕಲ್ ಆಟಗಳೂ ಡ್ರಾ ಆದವು. ಇಬ್ಬರೂ ಸರಿಯಾಗಿ ಆಡಿದರೆ ಚೆಸ್ ಸಹಜವಾಗಿಯೇ ಆ ಕಡೆ ವಾಲುತ್ತದೆ. ಇದನ್ನು ನಮ್ಮೂರಿನವರಿಗೆ ಒಪ್ಪಿಸುವುದು ಕಷ್ಟ. ಇಲ್ಲಿ ಆಟ ಅಂದ್ರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದವರಿಗೆ ಕೊನೆಗೆ ಯಾರಾದರೂ ಗೆಲ್ಲಲೇಬೇಕು. "ಇಡೀ ಮಧ್ಯಾಹ್ನ ಕೂತು ಯಾರೂ ಗೆಲ್ಲಲಿಲ್ವಾ?" ಅಂತ ಮನೆಯಲ್ಲಿ ಕೇಳಿದರು. ಏನು ಹೇಳೋದು?

ಹಾಗಾಗಿ ಮೊದಲ ಪರೀಕ್ಷೆ ಇದು. ಆಟದ ಯಾವುದಾದರೂ ಹಂತದಲ್ಲಿ ಖಚಿತವಾದ ಗೆಲುವು ನಿಮ್ಮ ಕೈಯಲ್ಲಿತ್ತಾ? ಇರಲಿಲ್ಲ ಅಂದರೆ ರಿಪೇರಿ ಮಾಡಲು ಏನೂ ಇಲ್ಲ, ಕಾಫಿ ಕುಡಿದು ಮನೆಗೆ ಹೋಗಿ. ಇತ್ತು ಅಂದರೆ ಮುಂದೆ ಓದಿ.

ತಪ್ಪು ಜಾಗದಲ್ಲಿ ಹುಡುಕಿದ್ದು

ಮನೆಗೆ ಬರುವ ಬಸ್ಸಿನಲ್ಲೇ ನನ್ನ ಹತ್ತಿರ ಮೂರು ಕಾರಣ ರೆಡಿ ಇದ್ದವು.

ಒಂದು, ಕರೆಂಟ್. ಆಟದ ಮಧ್ಯೆ ಕರೆಂಟ್ ಹೋಗಿ ಹತ್ತು ನಿಮಿಷ ಕತ್ತಲೆ. ಆಮೇಲೆ ಮನಸ್ಸು ಕೂರಲಿಲ್ಲ ಅಂತ ನನ್ನ ವಾದ. ಆದರೆ ನಡೆ ಪಟ್ಟಿ ತೆಗೆದು ನೋಡಿದರೆ ಕರೆಂಟ್ ಹೋದದ್ದು 29ನೇ ನಡೆಯಲ್ಲಿ. ಅದಾದ ಮೇಲೆ ನಾನು ಆಡಿದ ಎಂಟು ನಡೆಗಳು ಇಡೀ ಆಟದಲ್ಲೇ ಚೆನ್ನಾಗಿದ್ದವು. ಈ ಕಾರಣ ಬಿತ್ತು.

ಎರಡು, ಸಮಯ. ಪಟ್ಟಿಯ ಅಂಚಿನಲ್ಲಿ ಪ್ರತಿ ಐದು ನಡೆಗೊಮ್ಮೆ ಉಳಿದ ಸಮಯ ಬರೆದುಕೊಳ್ಳುವುದು ನನ್ನ ಅಭ್ಯಾಸ. ಮಳೆಯ ತೇವಕ್ಕೆ ಶಾಯಿ ಹರಡಿತ್ತು. ಆದರೂ 45ನೇ ನಡೆಯ ಪಕ್ಕ "11" ಅಂತ ಸ್ಪಷ್ಟವಾಗಿ ಇತ್ತು. ಹನ್ನೊಂದು ನಿಮಿಷ, ಮೇಲೆ ಪ್ರತಿ ನಡೆಗೆ 30 ಸೆಕೆಂಡ್. ಸಮಯ ಸಾಲಲಿಲ್ಲ ಅಂತ ಹೇಳಲು ನಾಚಿಕೆ ಆಗಬೇಕು. ನೀವೂ ಹೀಗೆ ಬರೆದಿಡಿ. ಆಮೇಲೆ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳುವುದು ಕಷ್ಟವಾಗುತ್ತದೆ.

ಮೂರು, ಕೊನೆಯ ನಡೆಗಳು. 60ರ ಸುತ್ತ ಒಂಟೆಯನ್ನು ಸುಮ್ನೆ ಹಿಂದೆ ಮುಂದೆ ಆಡಿದೆ, ಅಲ್ಲಿ ಏನೋ ತಪ್ಪಿತು ಅನ್ನಿಸಿತ್ತು. ಬಹಳ ಜನ ಮಾಡುವ ತಪ್ಪು ಇದೇ. ಆಟ ನಿಂತ ಜಾಗದಲ್ಲೇ ದೋಷ ಇದೆ ಅಂದುಕೊಳ್ಳುತ್ತಾರೆ. ಅಲ್ಲಿ ಇರುವುದಿಲ್ಲ.

ಅರ್ಧಕ್ಕೆ ಮುಚ್ಚಿ ನೋಡುವುದು

ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂ ಬಿಡಲು ನಾವು ಕೆರೆಗೆ ಪಂಪ್ ಹಚ್ಚಿ ಸ್ಪ್ರಿಂಕ್ಲರ್ ಹಾರಿಸುತ್ತೇವೆ. ಕೊನೆಯ ಪೈಪಿನಲ್ಲಿ ನೀರು ಏಳಲಿಲ್ಲ ಅಂದುಕೊಳ್ಳಿ. ಕೊನೆಯ ಪೈಪನ್ನೇ ಬಿಚ್ಚಿ ಕೂರುವವನು ಹೊಸಬ. ತಿಳಿದವನು ಲೈನಿನ ಮಧ್ಯದಲ್ಲಿ ಮುಚ್ಚಿ ಒತ್ತಡ ನೋಡುತ್ತಾನೆ. ಅಲ್ಲಿ ಸರಿ ಇದ್ದರೆ ತೂತು ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಮತ್ತೆ ಉಳಿದದ್ದರ ಮಧ್ಯ. ನಾಲ್ಕು ಸಲ ಹೀಗೆ ಮಾಡಿದರೆ ತೂತಿನ ಮೇಲೇ ಕಾಲಿಟ್ಟಿರುತ್ತೀರಿ.

ಆಟಕ್ಕೂ ಇದೇ ಮಾಡಿದೆ. 43ನೇ ನಡೆಯಲ್ಲಿ ಸಿ ಸಾಲಿನ ಪಾನ್‌ಗಳು ಒಂದಕ್ಕೊಂದು ಹೋದ ಮೇಲೆ ಬೋರ್ಡ್ ಮೇಲೆ ಉಳಿದದ್ದು ಆರೇ ಕಾಯಿ. ರಾಜರೂ ಸೇರಿ ಏಳು ಕಾಯಿಗಳವರೆಗಿನ ಸ್ಥಿತಿಗಳನ್ನೆಲ್ಲ ಕಂಪ್ಯೂಟರ್‌ಗಳು ಕೊನೆಯವರೆಗೆ ಲೆಕ್ಕ ಹಾಕಿ ಇಟ್ಟಿವೆ. ಅಲ್ಲಿ "ಅನ್ನಿಸುತ್ತದೆ", "ಇರಬಹುದು" ಇಲ್ಲ. ಗೆಲುವು, ಸೋಲು, ಡ್ರಾ, ಮೂರರಲ್ಲಿ ಒಂದು. ಮೊಬೈಲ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಆಟದ ಮಧ್ಯೆ ಮಾತ್ರ ನೋಡಬೇಡಿ, ಮೊಬೈಲ್ ಹೊರತೆಗೆದರೆ ಆಟವೇ ಹೋಯಿತು.

43: ಗೆಲುವು. ಕೊನೆಯ ನಡೆ 63: ಡ್ರಾ. ಮಧ್ಯ 53: ಡ್ರಾ. 48: ಡ್ರಾ. 45: ಗೆಲುವು. ಅಲ್ಲಿಂದ ಒಂದೊಂದೇ ಹೆಜ್ಜೆ. 47ನೇ ನಡೆ ಆಡುವ ಮುಂಚೆ ಗೆಲುವು, ಆಡಿದ ಮೇಲೆ ಡ್ರಾ.

ನಾನು 60ರಲ್ಲಿ ಹುಡುಕುತ್ತಿದ್ದೆ. ಅಷ್ಟು ಹೊತ್ತಿಗೆ ರೋಗಿ ಸತ್ತು ಹದಿಮೂರು ನಡೆ ಆಗಿತ್ತು.

47ನೇ ನಡೆ

ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ. (ಬಿಳಿ ಆಡುವವನ ಎಡದಿಂದ ಬಲಕ್ಕೆ ಉದ್ದಸಾಲುಗಳು ಎಯಿಂದ ಎಚ್, ಅವನ ಕಡೆಯಿಂದ ಅಡ್ಡಸಾಲುಗಳು 1ರಿಂದ 8.) ಬಿಳಿ ನನ್ನದು: ರಾಜ ಇ5, ಒಂಟೆ ಡಿ3, ಪಾನ್‌ಗಳು ಜಿ4 ಮತ್ತು ಎಚ್4. ಕಪ್ಪು ಮೇಷ್ಟ್ರದ್ದು: ರಾಜ ಜಿ7, ಪಾನ್ ಎಚ್6. ಅವರ ಸರದಿ.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡರು. ಆಮೇಲೆ ಪಾನ್‌ನ ತಲೆ ಎರಡು ಬೆರಳಲ್ಲಿ ಹಿಡಿದು ಎಚ್6ರಿಂದ ಎಚ್5ಕ್ಕೆ ಮೆಲ್ಲಗೆ ತಳ್ಳಿದರು. ನನ್ನ ಜಿ4 ಪಾನ್‌ನ ಬಾಯಿಗೇ.

ನನ್ನ ಕೈ ಆಗಲೇ ಗಾಳಿಯಲ್ಲಿತ್ತು. ಪುಕ್ಕಟೆ ಪಾನ್! ಎರಡಕ್ಕೆ ಒಂದು ಇದ್ದದ್ದು ಎರಡಕ್ಕೆ ಸೊನ್ನೆ ಆಗುತ್ತದೆ. ತಿಂದೆ, ಗಡಿಯಾರ ಒತ್ತಿದೆ. ಎಂಟೋ ಹತ್ತೋ ಸೆಕೆಂಡ್ ತೆಗೆದುಕೊಂಡಿರಬಹುದು, ಹನ್ನೊಂದು ನಿಮಿಷದಲ್ಲಿ.

ಈಗ ನೋಡಿ ಏನಾಯಿತು. ಜಿ ಸಾಲಿನ ಪಾನ್ ಎಚ್ ಸಾಲಿಗೆ ಹಾರಿತು. ನನ್ನ ಎರಡೂ ಪಾನ್ ಎಚ್ ಸಾಲಿನಲ್ಲಿ, ಒಂದರ ಹಿಂದೆ ಒಂದು. ಅವು ರಾಣಿ ಆಗಬೇಕಾದ ಮನೆ ಎಚ್8. ಆ ಮನೆ ಕಪ್ಪು ಬಣ್ಣ. ನನ್ನ ಒಂಟೆ ಓಡಾಡುವುದು ಬಿಳಿ ಮನೆಗಳಲ್ಲಿ. ಅದು ಜನ್ಮದಲ್ಲಿ ಎಚ್8ನ್ನು ಮುಟ್ಟಲಾರದು. ಕಪ್ಪು ರಾಜ ಆ ಮೂಲೆಗೆ ಹೋಗಿ ಕೂತರೆ ಅಲ್ಲಿಂದ ಎಬ್ಬಿಸಲು ನನ್ನ ಹತ್ತಿರ ಯಾರೂ ಇಲ್ಲ. ಜಿ7ರಿಂದ ಎಚ್8 ಒಂದೇ ಹೆಜ್ಜೆ.

ಜಾಸ್ತಿ ಒತ್ತಿದರೆ ಸ್ಟೇಲ್‌ಮೇಟ್. ನನ್ನ ರಾಜ ಎಫ್7, ಪಾನ್ ಎಚ್6, ಒಂಟೆ ಡಿ3, ಅವರ ರಾಜ ಎಚ್8 ಅಂತ ಇಟ್ಟು ನೋಡಿ. ಅವರಿಗೆ ಹೋಗಲು ಮನೆ ಇಲ್ಲ, ಚೆಕ್ಕೂ ಇಲ್ಲ. ಡ್ರಾ. ಒಂಟೆಯನ್ನು ಆ ಕರ್ಣದಿಂದ ತೆಗೆದರೆ ರಾಜ ಎಚ್7ಕ್ಕೆ ಬಂದು ಪಾನ್‌ಗೇ ಕೈ ಹಾಕುತ್ತಾನೆ. ಪಾನ್ ಎರಡಲ್ಲ, ಒಂದೇ ಸಾಲಿನಲ್ಲಿ ಮೂರು ಇದ್ದರೂ ಇದೇ ಗತಿ.

ಹಾಗಾದರೆ ಏನು ಆಡಬೇಕಿತ್ತು? ಜಿ5. ತಿನ್ನದೆ ಪಕ್ಕದಲ್ಲಿ ಹಾದುಹೋಗುವುದು. ಬೇರೆ ಯಾವ ನಡೆಗೂ ಗೆಲುವಿಲ್ಲ, ಯಾಕೆಂದರೆ ಅವರೇ ಜಿ4ರಲ್ಲಿ ತಿಂದುಬಿಡುತ್ತಾರೆ, ಮತ್ತೆ ನನಗೆ ಎಚ್ ಪಾನ್ ಒಂದೇ ಉಳಿಯುತ್ತದೆ. ಜಿ5 ಆಡಿದರೆ ಆ ಪಾನ್ ಎಫ್6, ಎಚ್6 ಮನೆಗಳನ್ನು ಕಾಯುತ್ತದೆ, ಒಂಟೆ ಜಿ6, ಎಚ್7 ಕಾಯುತ್ತದೆ. ಅವರ ರಾಜ ತನ್ನದೇ ಪಾನ್ ಹತ್ತಿರ ಬರಲಾರ. ಆಮೇಲೆ ಒಂಟೆ ಇ2ಕ್ಕೆ ಬಂದು ಎಚ್5 ಪಾನ್ ಮೇಲೆ ಕಣ್ಣು ಹಾಕುತ್ತದೆ. ಆಗ ಕರ್ಣ ತೆರೆದದ್ದು ನೋಡಿ ರಾಜ ಜಿ6ಕ್ಕೆ ಓಡಿ ಬಂದರೂ ತೊಂದರೆ ಇಲ್ಲ. ಒಂಟೆಯನ್ನೇ ಕೊಟ್ಟು ಆ ಪಾನ್ ತೆಗೆದು, ನನ್ನ ರಾಜನನ್ನು ಎಫ್6ರಲ್ಲಿ ನಿಲ್ಲಿಸಿದರೆ ಸಾಕು. ಅವರ ರಾಜ ಎಚ್4 ಪಾನ್ ತಿಂದು ಮುಗಿಸುವ ಹೊತ್ತಿಗೆ ಜಿ ಪಾನ್ ದೂರ ಹೋಗಿರುತ್ತದೆ. ಜಿ8 ಮೂಲೆ ಅಲ್ಲ. ಅಷ್ಟೇ ವ್ಯತ್ಯಾಸ.

ಈ ದೋಷಕ್ಕೆ ಚೆಸ್‌ನವರು "ತಪ್ಪು ಬಣ್ಣದ ಒಂಟೆ" ಅನ್ನುತ್ತಾರೆ. ಪಾಪ, ಒಂಟೆಯ ತಪ್ಪೇನಿದೆ!

ಬಣ್ಣ ನೆನಪಿಡಲು ಕಷ್ಟ ಪಡಬೇಕಾಗಿಲ್ಲ. ಬೋರ್ಡ್ ಇಡುವಾಗ ನಮ್ಮ ಬಲಗೈ ಮೂಲೆ ಬಿಳಿ ಮನೆ ಇರಬೇಕು, ಇದು ಎಲ್ಲರಿಗೂ ಗೊತ್ತು. ಹಾಗಾದರೆ ಅದೇ ಬಲಬದಿಯ ಆಚೆ ತುದಿ ಕಪ್ಪು, ಎಡಬದಿಯ ಆಚೆ ತುದಿ ಬಿಳಿ. ಬಿಳಿ ಕಾಯಿ ಆಡಿದರೂ ಕಪ್ಪು ಆಡಿದರೂ ನಿಮ್ಮ ಕುರ್ಚಿಯಿಂದ ಹೀಗೇ ಕಾಣುತ್ತದೆ. ಬಲತುದಿಯ ಪಾನ್‌ಗೆ ಕಪ್ಪು ಮನೆಯ ಒಂಟೆ ಬೇಕು, ಎಡತುದಿಯ ಪಾನ್‌ಗೆ ಬಿಳಿ ಮನೆಯ ಒಂಟೆ ಬೇಕು.

ತೂತು ಸಿಕ್ಕಿತು, ಆದರೆ ಪೈಪ್ ಯಾಕೆ ಸವೆಯಿತು?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ 43ನೇ ನಡೆ ನನ್ನನ್ನು ಕೊರೆಯುತ್ತಿತ್ತು. ಅಲ್ಲಿ ಸಿ ಪಾನ್‌ಗಳನ್ನು ಬದಲಾಯಿಸಿದ್ದು ನಾನೇ. ಲೆಕ್ಕದ ಪ್ರಕಾರ ಅದು ತಪ್ಪಲ್ಲ, ಆಮೇಲೂ ಗೆಲುವು ಇತ್ತು. ಆದರೆ ಆ ಪಾನ್ ಇದ್ದಿದ್ದರೆ 47ರಲ್ಲಿ ಎಡವಿದರೂ ಇನ್ನೊಂದು ದಾರಿ ಇರುತ್ತಿತ್ತು. ಸಿ8 ಯಾವ ಮೂಲೆಯೂ ಅಲ್ಲ. ಸ್ಟೆಪ್ನಿ ಬಿಚ್ಚಿಟ್ಟು ಘಾಟಿ ಇಳಿದ ಹಾಗೆ ಮಾಡಿದೆ. ಪಂಕ್ಚರ್ ಆಗದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಯಾಕೆ ಬದಲಾಯಿಸಿದೆ? "ಜಾಸ್ತಿ ಕಾಯಿ ಇದ್ದವನು ಬದಲಾಯಿಸಿ ಸುಲಭ ಮಾಡಿಕೊಳ್ಳಬೇಕು" ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ನಿಜ. ದೊಡ್ಡ ಕಾಯಿ ಬದಲಾಯಿಸಿ, ಪಾನ್ ಇಟ್ಟುಕೊಳ್ಳಿ. ನಾನು ಎರಡನ್ನೂ ಒಂದೇ ಚೀಲಕ್ಕೆ ಹಾಕಿದೆ. ಹೋದದ್ದನ್ನು ಎಣಿಸಿದೆ, ಉಳಿಯುವುದನ್ನು ನೋಡಲಿಲ್ಲ.

ದೊಡ್ಡವರಿಗೂ ಇದು ಆಗುತ್ತದೆ, ಉಲ್ಟಾ ದಿಕ್ಕಿನಲ್ಲಿ. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಪಟ್ಟಕ್ಕೆ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ 14ನೇ ಆಟ. ಡ್ರಾ ಕಡೆಗೇ ಹೋಗುತ್ತಿದ್ದ ಆಟ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಬದಲಾಯಿಸೋಣ ಅಂದರು. ಅವರ ಒಂಟೆ ಎ8 ಮೂಲೆಯಲ್ಲಿತ್ತು. ಗುಕೇಶ್ ಆನೆ ಬದಲಾಯಿಸಿ ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರು, ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಒಂಟೆಗಳೂ ಹೋದವು. ಉಳಿದದ್ದು ರಾಜ ಮತ್ತು ಪಾನ್‌ಗಳು, ಒಂದು ಪಾನ್ ಗುಕೇಶ್‌ಗೆ ಜಾಸ್ತಿ. ಆಟ ಮುಗಿಯಿತು, 7.5-6.5ಕ್ಕೆ ಪಟ್ಟ ಗುಕೇಶ್ ಪಾಲಾಯಿತು. ಡಿಂಗ್‌ಗೂ ನನಗೂ ಹೋಲಿಕೆ ಇಲ್ಲ ಬಿಡಿ, ಆದರೆ ಆ ದಿನ ಅವರು ತಲೆ ಮೇಲೆ ಕೈ ಇಟ್ಟುಕೊಂಡದ್ದು ನೋಡಿ ನನಗೆ ಅರ್ಥವಾಯಿತು.

"ಮೂರು ಸಲ" ಅಂದರೆ ಏನು

ಈಗ ಇನ್ನೊಂದು ದೋಷ, ಇದು ಬೋರ್ಡಿನದ್ದಲ್ಲ, ತಿಳಿವಳಿಕೆಯದ್ದು. 63ನೇ ನಡೆಯಲ್ಲಿ ಮೇಷ್ಟ್ರು ರಾಜನನ್ನು ಮುಟ್ಟಲೇ ಇಲ್ಲ. ಮೊದಲು ಪಟ್ಟಿಯಲ್ಲಿ "ರಾಜ ಜಿ8" ಅಂತ ಬರೆದರು. ಗಡಿಯಾರ ನಿಲ್ಲಿಸಿದರು. ಕೈ ಎತ್ತಿ ತೀರ್ಪುಗಾರರನ್ನು ಕರೆದು, "ಇದು ಆಡಿದರೆ ಮೂರನೇ ಸಲ ಅದೇ ಸ್ಥಿತಿ ಬರುತ್ತೆ, ಡ್ರಾ" ಅಂದರು.

"ಎಲ್ಲಿ ಸರ್, ನಾವು ಅದನ್ನೇ ಒಂದರ ಹಿಂದೆ ಒಂದು ಆಡಿಲ್ವಲ್ಲ," ಅಂದೆ ನಾನು. ಮಧ್ಯೆ ಒಂಟೆಯನ್ನು ಎಲ್ಲೆಲ್ಲೋ ಸುತ್ತಿಸಿದ್ದೆನಲ್ಲ.

"ಒಂದರ ಹಿಂದೆ ಒಂದು ಬರಬೇಕು ಅಂತ ಯಾರಪ್ಪಾ ಹೇಳಿದ್ದು ನಿಂಗೆ?" ಅಂದರು ಮೇಷ್ಟ್ರು. ತೀರ್ಪುಗಾರರು ನಕ್ಕರು. ಇಬ್ಬರ ಪಟ್ಟಿ ಇಟ್ಟುಕೊಂಡು ಇನ್ನೊಂದು ಬೋರ್ಡ್‌ನಲ್ಲಿ ಆಡಿ ನೋಡಿದರು. 54, 58, ಈಗ 63. ಸರಿ ಇತ್ತು.

ನಮ್ಮ ಕಡೆ ಕ್ಲಬ್‌ಗಳಲ್ಲಿ ಈ ನಿಯಮ ತಪ್ಪಾಗಿ ತಿಳಿದವರೇ ಜಾಸ್ತಿ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎಣಿಸಬೇಕಾದದ್ದು ನಡೆಯನ್ನಲ್ಲ, ಸ್ಥಿತಿಯನ್ನು. ಅದೇ ಕಾಯಿಗಳು ಅದೇ ಮನೆಗಳಲ್ಲಿ ಇದ್ದು, ಸರದಿಯೂ ಅದೇ ಆಟಗಾರನದ್ದಾಗಿರಬೇಕು. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಹಕ್ಕು, ಎನ್‌ಪಾಸಂಟ್ (ಎರಡು ಮನೆ ಹಾರಿದ ಪಾನನ್ನು ಪಕ್ಕದ ಪಾನ್ ತಿನ್ನುವುದು) ಅವಕಾಶ ಕೂಡ ಬದಲಾಗಿರಬಾರದು. ಮಧ್ಯೆ ಎಷ್ಟು ನಡೆ ಕಳೆದರೂ ಪರವಾಗಿಲ್ಲ. ಆದರೆ ಅದು ತಾನಾಗಿಯೇ ಡ್ರಾ ಆಗುವುದಿಲ್ಲ, ಸರದಿ ಇರುವವನು ಕೇಳಬೇಕು. ಮೊದಲು ಆಡಿ, ಗಡಿಯಾರ ಒತ್ತಿ, ಆಮೇಲೆ ಕೇಳಿದರೆ ಹಕ್ಕು ಹೋಯಿತು. ಕೇಳಿದ್ದು ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಆಟ ಮುಂದುವರಿಯುತ್ತದೆ, ನೀವು ಬರೆದ ನಡೆಯನ್ನೇ ಆಡಬೇಕು. ಅದೇ ಸ್ಥಿತಿ ಐದನೇ ಸಲ ಬಂದರೆ ಯಾರೂ ಕೇಳಬೇಕಾಗಿಲ್ಲ, ಡ್ರಾ.

50 ನಡೆಯ ನಿಯಮವೂ ಹೀಗೇ. ಇಬ್ಬರೂ ತಲಾ 50 ನಡೆ ಆಡಿರಬೇಕು, ಆ ಮಧ್ಯೆ ಪಾನ್ ಅಲುಗಿರಬಾರದು, ಯಾವ ಕಾಯಿಯನ್ನೂ ತಿಂದಿರಬಾರದು. ಇದನ್ನೂ ಕೇಳಬೇಕು. 75 ಆದರೆ ತೀರ್ಪುಗಾರರೇ ನಿಲ್ಲಿಸುತ್ತಾರೆ. ಒಂಟಿ ರಾಜ ಉಳಿದರೆ 16 ನಡೆಯಲ್ಲಿ ಮುಗಿಸಬೇಕು, ಇಲ್ಲ 21 ಅಂತ ನಮ್ಮ ಹಿರಿಯರು ಜಗಳ ಆಡುವುದುಂಟು. ಅವೆಲ್ಲ ಮನೆ ಜಗಲಿಯ ನಿಯಮ. ಟೂರ್ನಿಯಲ್ಲಿ ನಡೆಯುವುದಿಲ್ಲ. ಮೂರು ಸಲ ಚೆಕ್ ಕೊಟ್ಟರೆ ಡ್ರಾ ಅನ್ನುವುದೂ ಅಷ್ಟೇ, ಅಂಥ ನಿಯಮ ಇಲ್ಲ.

ಬೇರೆ ಲಕ್ಷಣಗಳಿದ್ದರೆ

ಎರಡೂ ಕಡೆ ಒಂದೊಂದು ಒಂಟೆ, ಒಂದು ಬಿಳಿ ಮನೆಯದ್ದು, ಇನ್ನೊಂದು ಕಪ್ಪು ಮನೆಯದ್ದು: ಎರಡು ಪಾನ್ ಜಾಸ್ತಿ ಇದ್ದರೂ ಎಷ್ಟೋ ಸಲ ಗೆಲ್ಲಲು ಆಗುವುದಿಲ್ಲ. ದೋಷ ಆ ಒಂಟೆಗಳನ್ನು ಉಳಿಸಿಕೊಂಡ ದಿನವೇ ಆಗಿರುತ್ತದೆ. ಹಿಂದಕ್ಕೆ ಹೋಗಿ ನೋಡಿ.

ಆನೆಗೆ ಆನೆ, ನಿಮಗೆ ಒಂದು ಪಾನ್ ಜಾಸ್ತಿ, ಅವರ ರಾಜ ಪಾನ್ ಎದುರೇ ನಿಂತಿದ್ದಾನೆ: ಅವರ ಆನೆ ಅವರ ಕಡೆಯಿಂದ ಮೂರನೇ ಅಡ್ಡಸಾಲಿನಲ್ಲಿ ಕಾಯುತ್ತಿದೆಯಾ? ಪಾನ್ ಆ ಸಾಲಿಗೆ ಬಂದ ಕೂಡಲೇ ಆನೆ ಹಿಂದಕ್ಕೆ ಓಡಿ ದೂರದಿಂದ ಚೆಕ್ ಮೇಲೆ ಚೆಕ್ ಕೊಡುತ್ತಿದೆಯಾ? ಹಾಗಿದ್ದರೆ ಅವರಿಗೆ ಫಿಲಿಡೋರ್ ಗೊತ್ತು. 18ನೇ ಶತಮಾನದ ಫ್ರಾನ್ಸ್‌ನ ಸಂಗೀತಗಾರ, ಆ ಕಾಲದ ಚೆಸ್ ದಿಗ್ಗಜ. ಆತ ತೋರಿಸಿಕೊಟ್ಟ ಈ ರಕ್ಷಣೆ ಇವತ್ತಿಗೂ ಸೋತಿಲ್ಲ. ಕೈ ಕುಲುಕಿ ಎದ್ದೇಳಿ.

ಗೆಲ್ಲುವ ಆಟದಲ್ಲಿ ನೀವೇ ಡ್ರಾ ಕೇಳಿದ್ದು: ಇದು ಭಯದ ದೋಷ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ರಿಪೇರಿ

ನಾನು ಮಾಡಿಕೊಂಡದ್ದು ಎರಡೇ. ಕಾಯಿ ಕಡಿಮೆಯಾಗುತ್ತಾ ಬಂದಾಗ, ಏನನ್ನಾದರೂ ತಿನ್ನುವ ಮುಂಚೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂರುತ್ತೇನೆ. ನೋಡಲು ಚೆನ್ನಾಗಿರುವುದಿಲ್ಲ, ಪಕ್ಕದ ಬೋರ್ಡಿನ ಹುಡುಗರು ನಗುತ್ತಾರೆ. ಆ ಹೊತ್ತಿನಲ್ಲಿ ಒಂದೇ ಪ್ರಶ್ನೆ: ನನ್ನ ಕೊನೆಯ ಪಾನ್ ಯಾವ ಮನೆಯಲ್ಲಿ ರಾಣಿ ಆಗುತ್ತದೆ, ಆ ಮನೆ ನನ್ನ ಒಂಟೆಗೆ ಸಿಗುತ್ತದಾ?

ಎರಡನೆಯದು, 47ನೇ ನಡೆಯ ಸ್ಥಿತಿಯನ್ನು ಮತ್ತೆ ಮತ್ತೆ ಇಟ್ಟು ಎರಡೂ ಕಡೆಯಿಂದ ಆಡುವುದು. ಕಪ್ಪು ಕಡೆಯಿಂದ ಆಡುವುದೇ ಜಾಸ್ತಿ ಕಲಿಸಿತು. ಆಗಷ್ಟೇ ಅವರು ಏನು ಕಾಯುತ್ತಿದ್ದರು ಅಂತ ಗೊತ್ತಾಗುತ್ತದೆ.

ತಿಂಗಳ ಮೇಲೆ ಗೋಣಿಕೊಪ್ಪದಲ್ಲಿ ಮೇಷ್ಟ್ರು ಮತ್ತೆ ಸಿಕ್ಕರು. ಅಂಥ ಮಳೆ ಇರಲಿಲ್ಲ, ಹನಿ ಮಾತ್ರ. ಆಟ ಶುರುವಾಗಲು ಇನ್ನೂ ಹೊತ್ತಿತ್ತು.

"ಆವತ್ತು ಎಚ್5 ಯಾವಾಗ ಹೊಳೀತು ಸರ್ ನಿಮಗೆ?" ಅಂತ ಕೇಳಿದೆ.

"ನೀನು ಸಿ ಪಾನ್ ಬದಲಾಯಿಸಿದೆಯಲ್ಲ, ಆವಾಗ್ಲೇ. ಆಮೇಲೆ ಸುಮ್ನೆ ಕಾದೆ."

ಪಕ್ಕದ ಮೇಜಿನಲ್ಲಿ ಬೋರ್ಡ್ ಇತ್ತು. ನಾನು ಆರು ಕಾಯಿ ಜೋಡಿಸಿದೆ, ಬಿಳಿ ಅವರ ಕಡೆಗೆ ತಿರುಗಿಸಿ ಕಪ್ಪು ನಾನು ಇಟ್ಟುಕೊಂಡೆ. ಎಚ್6 ಪಾನ್‌ನ ತಲೆ ಹಿಡಿದು ಎಚ್5ಕ್ಕೆ ತಳ್ಳಿದೆ. ಅವರು ಬೋರ್ಡ್ ಕಡೆ ಪೂರ್ತಿ ತಿರುಗಲೂ ಇಲ್ಲ. ಎಡಗೈಯಲ್ಲಿ ಜಿ ಪಾನನ್ನು ಒಂದು ಮನೆ ಮುಂದೆ ಸರಿಸಿ, ಬಲಗೈಯಲ್ಲಿ ಕಾಫಿ ಲೋಟ ಎತ್ತಿಕೊಂಡರು.